ಬೇಳೆ ಬೇಯುವ ನೀರು

ಚಿಂತಾಮಣಿ, ಬಾಗೇಪಲ್ಲಿ ಸೀಮೆಯ ಮನೆಗಳಲ್ಲಿ ನೀರಿನ ಗುಣ ನೋಡಲು ತೊಗರಿಬೇಳೆಯೇ ಸಾಕು. ಹೊಸದಾಗಿ ಬೋರ್‌ವೆಲ್ ಕೊರೆಸಿದವರು ಮೊದಲ ವಾರ ಗಮನಿಸುವುದು ಮೂರೇ ಸಂಗತಿ: ಬೇಳೆ ಬೇಯುತ್ತದೆಯೇ, ಸೋಪು ನೊರೆ ಬಿಡುತ್ತದೆಯೇ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ. ಬೇಳೆ ಕಲ್ಲಿನಂತೆ ಉಳಿದರೆ ಸವಳು ನೀರು ಬಿತ್ತೆಂದು ಹಣೆ ಚಚ್ಚಿಕೊಳ್ಳುತ್ತಾರೆ. ಎರಡು ಕುದಿಗೆ ಬೆಂದು ಕರಗಿದರೆ 'ಸಿಹಿ ನೀರು ಬಿದ್ದಿದೆ' ಎಂದು ಅಕ್ಕಪಕ್ಕದವರೂ ಕೊಡ ತರುತ್ತಾರೆ.

ಈ ಪರೀಕ್ಷೆಯಲ್ಲಿ ತಪ್ಪಿಲ್ಲ. ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತುವಿಗೆ ನೀರಿನ ಕ್ಯಾಲ್ಸಿಯಂ ಸೇರಿದರೆ ಅದು ಬಿಗಿಯುತ್ತದೆ, ಬೇಳೆ ಬೇಯುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದರೆ, ಅಂದರೆ ನೆಲವೇ ನೀರಿಗೆ ಚಿಟಿಕೆ ಅಡುಗೆ ಸೋಡಾ ಬೆರೆಸಿ ಕೊಟ್ಟಿದ್ದರೆ, ಬೇಳೆ ಬೆಣ್ಣೆಯಾಗುತ್ತದೆ. ತೊಂದರೆ ಇರುವುದು ಇಲ್ಲಿಯೇ. ಗ್ರಾನೈಟ್ ಮತ್ತು ಅದರಂತೆಯೇ ಗಟ್ಟಿಯಾದ, ಪಟ್ಟೆಪಟ್ಟೆಯ ನೈಸ್ ಕಲ್ಲಿನ ನಾಡಿನಲ್ಲಿ, ಮಿತಿ ಮೀರಿದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚು ಕರಗಿರುವುದು ಇಂಥ ನೀರಿನಲ್ಲೇ. ಬೇಳೆ ಬೇಯಿಸುವ ನೀರೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕೆರೆಯ ನೀರೂ ಮಳೆಯ ನೀರೂ ಬೇಳೆಯನ್ನು ಚೆನ್ನಾಗಿಯೇ ಬೇಯಿಸುತ್ತವೆ. ಆದರೆ ಸಾವಿರ ಅಡಿ ಆಳದಿಂದ ಮೇಲೆ ಬಂದ ನೀರು ಹಾಗೆ ಬೇಯಿಸಿದರೆ ಸಂತೋಷಪಡುವ ಮೊದಲು ಅನುಮಾನಪಡಬೇಕು.

ನಂದಿ ಬೆಟ್ಟದ ಮೇಲೆ ನಿಂತು ಸುತ್ತ ನೋಡಿದರೆ ಈ ಸೀಮೆಯ ಜಾತಕ ತಿಳಿಯುತ್ತದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಎಲ್ಲವೂ ಈ ಬೆಟ್ಟಸಾಲಿನ ಆಸುಪಾಸಿನಲ್ಲೇ ಹುಟ್ಟಿ ಹೊರಗಡೆಗೆ ಹೋಗುತ್ತವೆ. ಹೊರಗಿನಿಂದ ಒಳಗೆ ಬರುವ ನದಿ ಒಂದೂ ಇಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದನ್ನು ತಡೆದು ನಿಲ್ಲಿಸಲು ಪೂರ್ವಿಕರು ಕಟ್ಟಿದ ಸಾವಿರಾರು ಕೆರೆ, ಆ ಕೆರೆಗಳ ಕೆಳಗೆ ತೆರೆದ ಬಾವಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಮಧುಗಿರಿ ಸುತ್ತಿನ ಬಯಲುಸೀಮೆ ಶತಮಾನಗಳ ಕಾಲ ಬದುಕಿದ್ದು ಈ ಲೆಕ್ಕದಲ್ಲಿ.

ನೆಲದ ಕೆಳಗಿರುವುದು ಮುನ್ನೂರು ಕೋಟಿ ವರ್ಷ ಹಳೆಯ ನೈಸ್ ಕಲ್ಲು. ಅದನ್ನು ಸೀಳಿಕೊಂಡು ರಾಮನಗರದಿಂದ ಉತ್ತರಕ್ಕೆ ಮಧುಗಿರಿ, ಪಾವಗಡಗಳತ್ತ ಸಾಗುವುದು ಸುಮಾರು ಇನ್ನೂರೈವತ್ತು ಕೋಟಿ ವರ್ಷದ ಗ್ರಾನೈಟ್ ಸಾಲು. ರಾಮನಗರಕ್ಕೆ ಬ್ರಿಟಿಷರು ಇಟ್ಟಿದ್ದ ಹೆಸರಿನಿಂದ ಭೂವಿಜ್ಞಾನಿಗಳು ಇಂದಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಊರು ಬಿಟ್ಟ ಹೆಸರನ್ನು ಕಲ್ಲು ಬಿಟ್ಟಿಲ್ಲ. ಮರಳುಗಲ್ಲಿನಲ್ಲಿ ಇರುವಂಥ ರಂಧ್ರಗಳು ಈ ಕಲ್ಲುಗಳಲ್ಲಿಲ್ಲ. ನೀರು ನಿಲ್ಲುವುದು ಎರಡೇ ಜಾಗದಲ್ಲಿ. ಮೇಲಿನ ಅರವತ್ತು ಎಪ್ಪತ್ತು ಅಡಿಯಲ್ಲಿ ಬಿಸಿಲು ಮಳೆಗೆ ಶಿಥಿಲವಾಗಿ ಗರಸಿನಂತಾದ ಪದರ ಒಂದು. ಇದು ಸ್ಪಂಜಿನಂತೆ ನೀರು ಹೀರಿ ಇಟ್ಟುಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿ ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಸೀಳು; ಇದು ಕೊಳವೆಯಂತೆ ನೀರು ಸಾಗಿಸುತ್ತದೆಯೇ ಹೊರತು ಕೂಡಿಡುವುದಿಲ್ಲ. ಸೀಳುಗಳೂ ಬಹುತೇಕ ಮೇಲಿನ ಮುನ್ನೂರು ಅಡಿಯೊಳಗೇ ಮುಗಿಯುತ್ತವೆ. ಅಲ್ಲಿಂದ ಕೆಳಗೆ ಸಿಗುವುದು ಅದೃಷ್ಟದ ನೀರು.

ತೆರೆದ ಬಾವಿಗಳು ಕುಡಿಯುತ್ತಿದ್ದುದು ಮೇಲಿನ ಸ್ಪಂಜಿನಿಂದ. ಹಿಂದಿನ ವರ್ಷವೋ ಅದರ ಹಿಂದಿನ ವರ್ಷವೋ ಸುರಿದ ಮಳೆ, ಕಲ್ಲಿನೊಡನೆ ಹೆಚ್ಚು ಹೊತ್ತು ಮಾತಾಡದೆ ಬಾವಿಗೆ ಬರುತ್ತಿತ್ತು. ಎಂಬತ್ತರ ದಶಕದ ಬರ, ಅದರ ಹಿಂದೆಯೇ ಬಂದ ಸಬ್‌ಮರ್ಸಿಬಲ್ ಪಂಪು, ಪಂಪ್‌ಸೆಟ್ಟಿಗೆ ಬಿಟ್ಟಿ ಕರೆಂಟು ಸೇರಿ ಆ ಸ್ಪಂಜನ್ನು ಹಿಂಡಿ ಹಾಕಿದವು. ಬಾವಿ ಬತ್ತಿತು. ಬೋರು ಮುನ್ನೂರು ಅಡಿಗೆ ಇಳಿಯಿತು, ಆಮೇಲೆ ಆರುನೂರು, ಆಮೇಲೆ ಸಾವಿರ, ಸಾವಿರದೈನೂರು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಖಾಯಂ ಸದಸ್ಯರು. ಕೋಲಾರದಲ್ಲಿ ಎತ್ತುವ ನೀರು ವರ್ಷಕ್ಕೆ ಇಂಗುವ ನೀರಿನ ಒಂದೂವರೆ ಪಟ್ಟಿಗಿಂತ ಹೆಚ್ಚು.

ಇಷ್ಟು ಎಲ್ಲರೂ ಬಲ್ಲ ಕಥೆ. ಅದರ ಒಳಗೆ ಕಣ್ಣಿಗೆ ಬೀಳದ ಒಂದು ಸಣ್ಣ ಸಂಗತಿಯಿದೆ: ಕೇಸಿಂಗ್ ಪೈಪು. ಬೋರ್‌ವೆಲ್ ಕೊರೆಯುವವರು ಮಣ್ಣು ಕುಸಿಯದಂತೆ ಗಟ್ಟಿ ಬಂಡೆ ಸಿಗುವವರೆಗೂ ಪೈಪು ಇಳಿಸುತ್ತಾರೆ. ಅಂದರೆ ಯಾವ ಪದರದಲ್ಲಿ ಹೊಸ ಮಳೆನೀರು ಇರುತ್ತದೆಯೋ ಅದನ್ನೇ ಪೈಪಿನಿಂದ ಮುಚ್ಚಿ, ಕೆಳಗಿನ ಹಳೆಯ ನೀರಿಗೆ ಬಾಯಿ ತೆರೆಯುತ್ತೇವೆ. ಬೋರ್‌ವೆಲ್ಲಿನ ಮೂಲ ವಿನ್ಯಾಸವೇ ಹಾಗೆ. ಕಾಲರಾ, ಭೇದಿಗಳ ಕಾಲದಲ್ಲಿ ಅದು ವರದಾನವಾಗಿತ್ತು: ಮೇಲಿನ ಕೊಳೆ ಸೇರದ, ರೋಗಾಣುವಿಲ್ಲದ ನೀರು. ಕೈಪಂಪು ಬಂದಾಗ ಎಷ್ಟೋ ಮಕ್ಕಳ ಜೀವ ಉಳಿಯಿತು, ಅದನ್ನು ಮರೆಯಬಾರದು. ಆದರೆ ರೋಗಾಣು ತಪ್ಪಿಸಿಕೊಂಡ ನಾವು ಕಲ್ಲಿನ ಕೈಗೆ ಸಿಕ್ಕಿಬಿದ್ದೆವು.

ಆಳದ ನೀರು ಅಲ್ಲಿ ದಶಕಗಳಿಂದ, ಕೆಲವೆಡೆ ಅದಕ್ಕೂ ಹಿಂದಿನಿಂದ ಕೂತಿರುತ್ತದೆ. ಅಷ್ಟು ಕಾಲ ಅದು ಸುಮ್ಮನಿರುವುದಿಲ್ಲ, ಕಲ್ಲನ್ನು ನಿಧಾನವಾಗಿ ತಿನ್ನುತ್ತದೆ. ಗ್ರಾನೈಟಿನ ಮೈಮೇಲೆ ಹೊಳೆಯುವ ಕಪ್ಪು ಅಭ್ರಕದ ಹಾಳೆಗಳು, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳು, ಇವೆಲ್ಲ ಫ್ಲೋರೈಡಿನ ತವರು. ನೀರು ಕ್ಷಾರವಾದಷ್ಟೂ ಇವುಗಳಿಂದ ಫ್ಲೋರೈಡ್ ಕಳಚಿ ಬರುತ್ತದೆ. ಅದಕ್ಕೆ ಲಗಾಮು ಹಾಕುವ ಶಕ್ತಿ ಒಂದೇ ಒಂದು, ಕ್ಯಾಲ್ಸಿಯಂ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಮತ್ತೆ ಹರಳಾಗುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ ಫ್ಲೋರೈಡ್ ಸುಮಾರು 3 ಮಿಲಿಗ್ರಾಂಗಿಂತ ಮೇಲೇರುವುದು ಕಷ್ಟ. ಕ್ಯಾಲ್ಸಿಯಂ 10ಕ್ಕೆ ಇಳಿದರೆ ಆ ಮಿತಿ ಸುಮಾರು 6ಕ್ಕೆ ಹೋಗುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತದೆ? ಒಣಸೀಮೆಯ ಬಿಸಿಲಿನಲ್ಲಿ ನೀರು ಆವಿಯಾಗುವಾಗ ಅದು ಸುಣ್ಣವಾಗಿ ಮಣ್ಣಿನಲ್ಲೇ ಗಂಟು ಕಟ್ಟುತ್ತದೆ. ಹಿಂದೆ ಗೂಡಿನಲ್ಲಿ ಸುಟ್ಟು ಗೋಡೆಗೆ ಬಳಿಯುತ್ತಿದ್ದ ಸುಣ್ಣದ ಹರಳು ಇದೇ. ಉಳಿದದ್ದನ್ನು ಜೇಡಿಯ ಕಣಗಳು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಹೀಗೆ ಗಡಸು ನೀರು ಮೃದುವಾಗುತ್ತದೆ, ಬೇಳೆ ಬೇಯತೊಡಗುತ್ತದೆ, ಫ್ಲೋರೈಡಿನ ಲಗಾಮು ಕಳಚುತ್ತದೆ. ಮೂರೂ ಒಂದೇ ಕ್ರಿಯೆಯ ಮೂರು ಮುಖ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಆ ಮಿತಿ ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಗೆರೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಂಟು ವರ್ಷದೊಳಗೇ ಇದು ಆಗಿಹೋಗುತ್ತದೆ, ಆಮೇಲೆ ಯಾವ ಪೇಸ್ಟೂ ಅದನ್ನು ಅಳಿಸಲಾರದು. ವರ್ಷಗಟ್ಟಲೆ ಇನ್ನೂ ಹೆಚ್ಚು ಸೇರಿದರೆ ಮೂಳೆಗೆ ಇಳಿಯುತ್ತದೆ: ಬೆನ್ನು ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ, ನಲವತ್ತರಲ್ಲೇ ಎಪ್ಪತ್ತರ ನಡಿಗೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಇಂದಿನ ಆಂಧ್ರದ ಪ್ರಕಾಶಂ ಜಿಲ್ಲೆಯ ಕಡೆಯಿಂದ. ಅಂದರೆ ಇದು ಹೊಸದಾಗಿ ಹುಟ್ಟಿದ ಪಿಡುಗೇನಲ್ಲ. ಹೊಸದು ಅದರ ಹರವು. ಹಿಂದೆ ಕೆಲವೇ ಊರುಗಳ ಶಾಪವಾಗಿದ್ದದ್ದು ಬೋರಿನ ಆಳದೊಡನೆ ಊರಿಂದೂರಿಗೆ ಹಬ್ಬಿತು.

ಯುರೇನಿಯಂ ಈಚಿನ ಸೇರ್ಪಡೆ. ಅಂದರೆ ಅಳೆಯಲು ಶುರುಮಾಡಿದ್ದು ಈಚೆಗೆ. ಹೆಸರು ಕೇಳಿದರೆ ಎಲ್ಲರಿಗೂ ಅಣುಬಾಂಬು ನೆನಪಾಗುತ್ತದೆ. ನೀರಿನಲ್ಲಿ ಅದರ ಭಯ ವಿಕಿರಣಕ್ಕಿಂತ ಹೆಚ್ಚಾಗಿ ಸೀಸ, ಕ್ಯಾಡ್ಮಿಯಂಗಳ ಜಾತಿಯದು: ಭಾರಲೋಹವಾಗಿ ಮೂತ್ರಪಿಂಡಕ್ಕೆ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಬಹಳ ಕಾಲ 60 ಎನ್ನುತ್ತಿತ್ತು, ಈಗ ಕುಡಿಯುವ ನೀರಿನ ಮಾನಕವೂ 30ಕ್ಕೆ ಬಂದಿದೆ. ಪೂರ್ವ ಕರ್ನಾಟಕದ ಕೆಲವು ಹಳ್ಳಿಗಳ ಬೋರ್‌ವೆಲ್‌ಗಳಲ್ಲಿ ಇದರ ಹತ್ತಾರು ಪಟ್ಟು ಸಿಕ್ಕಿದೆ. ಯಾವ ಕಾರ್ಖಾನೆಯೂ ಸುರಿದದ್ದಲ್ಲ, ಗ್ರಾನೈಟಿನೊಳಗೇ ಇದ್ದದ್ದು. ಆದರೆ ಕಲ್ಲಿನಲ್ಲಿ ಕೋಟಿ ವರ್ಷ ಸುಮ್ಮನಿದ್ದದ್ದು ಈಗೇಕೆ ನೀರಿಗಿಳಿಯಿತು ಎಂದು ಕೇಳಿದರೆ ನಮ್ಮ ಪಾಲೂ ಹೊರಬೀಳುತ್ತದೆ. ಆಮ್ಲಜನಕ ತಾಗದಿರುವ ತನಕ ಯುರೇನಿಯಂ ಕರಗುವುದು ಕಡಿಮೆ. ನೀರಿನ ಮಟ್ಟ ಇಳಿದು ಸೀಳುಗಳೊಳಗೆ ಗಾಳಿ ಆಡಿದರೆ ಅದು ರೂಪ ಬದಲಿಸಿ, ಬೈಕಾರ್ಬೊನೇಟಿನ ಕೈ ಹಿಡಿದು ಹೊರಟುಬಿಡುತ್ತದೆ. ಗಾಳಿಯ ಕೆಲಸವನ್ನು ನೈಟ್ರೇಟ್ ಕೂಡ ಮಾಡಬಲ್ಲದು. ಹೊಲಕ್ಕೆ ಎರಚಿದ ಯೂರಿಯಾದ ಮಿಕ್ಕ ಭಾಗ ನೆಲಕ್ಕಿಳಿದು, ಬಂಡೆಯೊಳಗಿನ ಯುರೇನಿಯಂನ ಬೀಗ ತೆಗೆಯುತ್ತದೆ ಎಂದರೆ ಯಾವ ರೈತನೂ ನಂಬಲಾರ. ರಸಾಯನಶಾಸ್ತ್ರ ಮಾತ್ರ ಹಾಗೆಯೇ ಹೇಳುತ್ತದೆ.

ನೈಟ್ರೇಟ್ ವಿಷಯದಲ್ಲಿ ಕಲ್ಲನ್ನು ದೂರುವಂತೆಯೇ ಇಲ್ಲ. ಅದು ಪೂರ್ತಿ ನಮ್ಮದೇ ಗಳಿಕೆ: ಗೊಬ್ಬರ, ತಿಪ್ಪೆ, ಕೊಟ್ಟಿಗೆಯ ಬಚ್ಚಲು, ಶೌಚದ ಇಂಗುಗುಂಡಿ. ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದರಲ್ಲಿ ಯಾವ ವಿನಾಯಿತಿಯೂ ಇಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ಶೇಕಡ 48ರಷ್ಟು ಈ ಮಿತಿ ದಾಟಿದ್ದವು. ನಮಗಿಂತ ಮುಂದಿದ್ದದ್ದು ರಾಜಸ್ಥಾನ, ಅದೂ ಶೇಕಡ 49ರೊಡನೆ ಕೂದಲೆಳೆಯಷ್ಟು. ಇಡೀ ದೇಶದ ಸರಾಸರಿ ಶೇಕಡ 20ರ ಹತ್ತಿರ. ಫ್ಲೋರೈಡಿಗೆ ಸಿಗುವ ಪ್ರಚಾರದ ಕಾಲು ಭಾಗವೂ ಇದಕ್ಕೆ ಸಿಗದಿರುವುದು ನನಗೆ ಯಾವಾಗಲೂ ಸೋಜಿಗ. ಬಹುಶಃ ನೈಟ್ರೇಟ್ ಯಾರ ಬೆನ್ನನ್ನೂ ಬಗ್ಗಿಸುವುದಿಲ್ಲ, ಫೋಟೋಗೆ ಸಿಗುವುದಿಲ್ಲ. ಅದರ ಮುಖ್ಯ ಬಲಿ ಬಾಟಲಿ ಹಾಲು ಕುಡಿಯುವ ಹಸುಗೂಸುಗಳು; ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತದೆ. ಇನ್ನೊಂದು ಮಾತು: ಕಾಯಿಸಿದರೆ ನೀರು ಶುದ್ಧ ಎಂಬ ನಂಬಿಕೆ ರೋಗಾಣುಗಳಿಗೆ ಸರಿ. ನೈಟ್ರೇಟ್, ಫ್ಲೋರೈಡ್, ಯುರೇನಿಯಂಗಳಿಗೆ ಅದು ತಿರುಗುಮುರುಗು. ಕುದಿದಷ್ಟೂ ನೀರು ಆವಿಯಾಗುತ್ತದೆ, ಅವು ಉಳಿಯುತ್ತವೆ.

ಈಗ ಪರಿಹಾರವೆಂದು ನಮ್ಮ ಮುಂದಿರುವುದರ ಕಡೆ ಬರೋಣ. ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಒಳಗಿರುವುದು ಆರ್‌ಒ ಯಂತ್ರ, ಅದು ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಮೂರನ್ನೂ ತಡೆಯುತ್ತದೆ. ಒಳಗಿನ ಸೋಸುವ ಪೊರೆ ಕೆಡುವ ತನಕ. ಕೆಟ್ಟ ಘಟಕದ ಮುಂದೆ ಖಾಲಿ ಕ್ಯಾನು ಹಿಡಿದು ನಿಂತ ಸಾಲು ಈ ಸೀಮೆಯಲ್ಲಿ ಯಾರೂ ನೋಡದ ದೃಶ್ಯವಲ್ಲ. ಘಟಕ ಚೆನ್ನಾಗಿ ನಡೆದರೂ ಎರಡು ತೊಡಕು ಉಳಿಯುತ್ತವೆ. ಶುದ್ಧ ನೀರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕಲ್ಮಷ ಮಂದಗಟ್ಟಿದ ನೀರು ಹಿಂದಿನ ಚರಂಡಿಗೆ ಹೋಗಿ ಅದೇ ನೆಲಕ್ಕೆ ಇಂಗುತ್ತದೆ. ಎರಡನೆಯದು ಅಡುಗೆಮನೆಯದು. ಕ್ಯಾನಿನ ನೀರು ಕುಡಿಯಲು ಮಾತ್ರ. ಅನ್ನಕ್ಕೆ, ಸಾರಿಗೆ, ಮುದ್ದೆಗೆ ನಲ್ಲಿ ನೀರೇ. ಮುದ್ದೆಯ ಎಸರಿನಲ್ಲಿ ಒಂದು ಹನಿಯೂ ಚೆಲ್ಲುವುದಿಲ್ಲ, ಇಟ್ಟ ನೀರೆಲ್ಲ ಹಿಟ್ಟಿನೊಡನೆ ಹೊಟ್ಟೆಗೆ. ಕುಡಿಯುವ ಲೋಟದಿಂದ ಹೊರಹಾಕಿದ ಫ್ಲೋರೈಡ್ ಊಟದ ತಟ್ಟೆಯಿಂದ ಒಳಬರುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದು ಪುಣ್ಯ; ಹೊಟ್ಟೆಯೊಳಗೆ ಒಂದಷ್ಟು ಫ್ಲೋರೈಡನ್ನು ಅದು ಕಟ್ಟಿಹಾಕುತ್ತದೆ. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ತಿರುಗಿದ ಮನೆಗಳು ಆ ರಕ್ಷಣೆಯನ್ನೂ ಕಳೆದುಕೊಂಡಿವೆ.

ಜಲಜೀವನ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', 2019ರಿಂದ ನಲ್ಲಿಗಳನ್ನು ತಂದಿತು. ನಲ್ಲಿ ಹೊಸದು, ಎಷ್ಟೋ ಊರುಗಳಲ್ಲಿ ಅದರ ಹಿಂದಿನ ಬೋರು ಹಳೆಯದೇ. ಇದು ಕೊಂಕಲ್ಲ. ತಲೆಯ ಮೇಲಿನ ಕೊಡ ಇಳಿದದ್ದು ಹೆಂಗಸರಿಗೆ ಸಣ್ಣ ಬಿಡುಗಡೆಯಲ್ಲ. ಆದರೆ ಕೊಳಾಯಿಗೆ ಗುಣವಿಲ್ಲ, ಮೂಲಕ್ಕಿದೆ.

ಎಲ್ಲಕ್ಕಿಂತ ದೊಡ್ಡ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕುತೂಹಲದ ಪ್ರಯೋಗ ಕೆ.ಸಿ. ವ್ಯಾಲಿಯದು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಕೋಲಾರ ಕಡೆಯ 126 ಕೆರೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ಅದರಲ್ಲಿ ನೊರೆ ಕಂಡಿತು, ಪ್ರಕರಣ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಹೆಬ್ಬಾಳ ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ ಇಂಥದೇ ಇನ್ನೊಂದು ಯೋಜನೆ ಬಂತು, ದಿನಕ್ಕೆ 21 ಕೋಟಿ ಲೀಟರಿನದು. ಕಾವೇರಿ ನೀರಿಗಾಗಿ ಕೋಲಾರ ಎಷ್ಟೋ ಕಾಲ ಬೇಡಿತ್ತು. ಕೊನೆಗೂ ಕಾವೇರಿ ಬಂದಳು, ಬೆಂಗಳೂರಿನ ಬಚ್ಚಲುಮನೆಗಳ ಮೂಲಕ.

ಇಲ್ಲಿ ಪರ ವಿರೋಧದ ಎರಡು ಬಣಗಳೂ ಅರ್ಧರ್ಧ ಸತ್ಯ ಹೇಳುತ್ತವೆ. ಬತ್ತಿದ ಬೋರುಗಳಲ್ಲಿ ನೀರು ಬಂದದ್ದು, ಕೆರೆಯಂಚಿನ ಬಾವಿಗಳು ತುಂಬಿದ್ದು ನಿಜ. ಫ್ಲೋರೈಡಿನ ಮಟ್ಟಿಗೆ ಇದು ಲಾಭವೇ: ಕಲ್ಲಿನೊಡನೆ ಕಾಲ ಕಳೆಯದ ನೀರು ಹಳೆಯ ನೀರಿಗೆ ಬೆರೆತರೆ ಅದು ತಿಳಿಯಾಗುತ್ತದೆ, ಮೇಲಿನ ಸ್ಪಂಜು ತುಂಬಿದರೆ ಸಾವಿರ ಅಡಿಯಿಂದ ಎತ್ತುವ ಗರಜು ತಪ್ಪುತ್ತದೆ. ಆದರೆ ಎರಡನೇ ಹಂತದ ಸಂಸ್ಕರಣೆ ತೆಗೆಯುವುದು ಮುಖ್ಯವಾಗಿ ಸಾವಯವ ಕೊಳೆಯನ್ನು ಮತ್ತು ತೇಲುವ ಕಣಗಳನ್ನು. ಮುಂದೆ ನೈಟ್ರೇಟ್ ಆಗುವ ಸಾರಜನಕ, ಜೊತೆಗೆ ರಂಜಕ ಬಹುಪಾಲು ಉಳಿಯುತ್ತವೆ. ಸೋಡಿಯಂ, ಕ್ಲೋರೈಡ್ ಇತ್ಯಾದಿ ಕರಗಿದ ಲವಣಗಳು ಹಾಗೆಯೇ ಬರುತ್ತವೆ. ಸಾರಜನಕ, ರಂಜಕ ಉಳಿದಿವೆ ಎಂಬುದನ್ನು ಕೆರೆಗಳಲ್ಲಿ ಹಬ್ಬುವ ಅಂತರಗಂಗೆಯೇ ಹೇಳುತ್ತಿದೆ. ಅಂದರೆ ಒಂದು ಕೈಯಿಂದ ಫ್ಲೋರೈಡ್ ಇಳಿಸಿ ಇನ್ನೊಂದು ಕೈಯಿಂದ ನೈಟ್ರೇಟ್ ಏರಿಸುವ ಸಾಧ್ಯತೆ ಈ ನೀರಿಗಿದೆ. ಕೆರೆಯ ತಳದ ಹೂಳಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಒಂದಷ್ಟು ನೈಟ್ರೇಟನ್ನು ಅನಿಲ ಮಾಡಿ ಹಾರಿಸುತ್ತವೆ. ಆ ಕಾರಣಕ್ಕೆ ಕೆರೆಯನ್ನು ಬರೀ ಪಾತ್ರೆಯೆಂದು ನೋಡುವುದು ತಪ್ಪು, ಅದೂ ಒಂದು ಸಂಸ್ಕರಣಾ ಘಟಕ. ಹೂಳನ್ನೆಲ್ಲ ಬಳಿದು ಬಂಡೆ ಕಾಣುವಂತೆ ಅಗೆದರೆ ಆ ಘಟಕವನ್ನೇ ಕಿತ್ತಂತೆ. ಉಳಿದ ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಒತ್ತಾಯಕ್ಕೆ ನಾನು ಸಂಪೂರ್ಣ ಸಹಮತ. ಆದರೆ ಈ ನೀರೇ ಬೇಡ ಎನ್ನುವವರು, ಕೋಲಾರ ಈಗ ಕುಡಿಯುತ್ತಿರುವುದು ಏನು ಎಂಬ ಪ್ರಶ್ನೆಯನ್ನೂ ಎದುರಿಸಬೇಕು. ಸಕಲೇಶಪುರದ ಬಳಿ 2024ರಲ್ಲಿ ಮೊದಲ ಹಂತ ಚಾಲನೆಗೊಂಡ ಎತ್ತಿನಹೊಳೆ ಯೋಜನೆಯ ನೀರು ಇಲ್ಲಿಗೆ ಬರುವ ತನಕ ಬೇಳೆ ಬೇಯಿಸುವುದನ್ನು ಮುಂದೂಡಲಾಗದು.

ನನ್ನ ಮಟ್ಟಿಗೆ ಅರೆಕೊರೆ ಇರುವುದು ನಾವು ನೀರನ್ನು ಅಳೆಯುವ ಕ್ರಮದಲ್ಲೇ. ಪರೀಕ್ಷಾ ವರದಿಗಳಲ್ಲಿ ಊರಿನ ಹೆಸರಿದೆ, ತಾರೀಖಿದೆ, ಫ್ಲೋರೈಡಿನ ಅಂಕಿಯಿದೆ. ನಾನು ನೋಡಿದ ಬಹುತೇಕ ವರದಿಗಳಲ್ಲಿ ಬೋರಿನ ಆಳ ಇಲ್ಲ, ಕೇಸಿಂಗ್ ಎಷ್ಟು ಅಡಿ ಎಂಬುದಿಲ್ಲ. ಆಳ ಗೊತ್ತಿಲ್ಲದೆ ನೀರಿನ ಗುಣ ಹೇಳುವುದು ವಯಸ್ಸು ಕೇಳದೆ ಔಷಧಿ ಬರೆದಂತೆ. ಒಂದೇ ಊರಿನ ಎರಡು ಬೋರುಗಳ ನಡುವೆ ಎರಡು ಊರುಗಳ ನಡುವಿಗಿಂತ ಹೆಚ್ಚು ಅಂತರ ಇರಬಲ್ಲದು.

2021ರ ಕೊನೆಯ ದೊಡ್ಡ ಮಳೆಗಳಲ್ಲಿ ಈ ಕಡೆಯ ಕೆರೆಗಳು ಕೋಡಿ ಬಿದ್ದವು, ದಶಕಗಳಿಂದ ಒಣಗಿದ್ದ ತೆರೆದ ಬಾವಿಗಳಲ್ಲಿ ನೀರು ಕಾಣಿಸಿತು. ಆಮೇಲೆ ಒಂದು ದಿನ ಚಿಂತಾಮಣಿ ಕಡೆಯ ಪರಿಚಿತರೊಬ್ಬರ ತೋಟದಲ್ಲಿ ಎರಡು ಬಾಟಲಿ ನೀರು ಹಿಡಿದೆ. ಒಂದು ಮೂವತ್ತು ಅಡಿಯ ಹಳೆಯ ಬಾವಿಯದು, ಇನ್ನೊಂದು ಅದರಿಂದ ಐವತ್ತು ಹೆಜ್ಜೆ ದೂರದ ಸಾವಿರದಿನ್ನೂರು ಅಡಿ ಬೋರಿನದು. ಹಳ್ಳಿಗಳಲ್ಲಿ ಹೆಂಗಸರಿಗೆ ಕಲಿಸಿಕೊಡುವ ಪುಟ್ಟ ಕಿಟ್ಟಿನಲ್ಲೇ ನೋಡಿದ್ದು. ಬೋರಿನ ನೀರಿಗೆ ಕೆಂಪು ದ್ರಾವಣ ಹಾಕುತ್ತಲೇ ಹಳದಿಗೆ ತಿರುಗಿತು, ಫ್ಲೋರೈಡ್ ಮಿತಿ ಮೀರಿತ್ತು. ಬಾವಿಯ ನೀರು ಆ ಪರೀಕ್ಷೆಯಲ್ಲಿ ಗೆದ್ದು ನೈಟ್ರೇಟಿನ ಪರೀಕ್ಷೆಯಲ್ಲಿ ಗಾಢ ಗುಲಾಬಿಯಾಗಿ ಸೋತಿತು. ಬಾವಿಯ ಮೇಲುಗಡೆಯೇ ಹಸುವಿನ ಕೊಟ್ಟಿಗೆ, ಪಕ್ಕದಲ್ಲಿ ಗೊಬ್ಬರ ನೀರು ಹನಿಯುವ ಟೊಮೆಟೊ ಸಾಲು.

'ಹಾಗಾದರೆ ಯಾವುದು ಕುಡಿಯಬೇಕು ಹೇಳಿ' ಎಂದರು ಮನೆಯವರು. ನಾನು ತಲೆ ಎತ್ತಿ ತಾರಸಿ ತೋರಿಸಿದೆ. ಐವತ್ತು ಚದರ ಮೀಟರಿನ ತಾರಸಿ, 700 ಮಿಲಿಮೀಟರ್ ಮಳೆ. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ ವರ್ಷಕ್ಕೆ 28,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತೈದು ಲೀಟರಾದರೆ ವರ್ಷಕ್ಕೆ ಬೇಕಾದದ್ದು ಸುಮಾರು 9,000. ಡಿಸೆಂಬರಿನಿಂದ ಮೇ ತನಕದ ಒಣ ತಿಂಗಳುಗಳಿಗೆ 5,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಇಲ್ಲಿ ಕಾಯಿಸಿ ಕುಡಿಯುವುದರಿಂದ ನಿಜಕ್ಕೂ ಪ್ರಯೋಜನವಿದೆ. ಬೇಳೆಯೂ ಬೇಯುತ್ತದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಗೆವಿನ ಬದಿಗೆ ಸಾಲಾಗಿ ಕಲ್ಲು ಮುಚ್ಚಿದ್ದ ನಾಲ್ಕು ಸತ್ತ ಬೋರುಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸುತ್ತ, ಯಾವುದಕ್ಕೆ ಎಷ್ಟು ಸುರಿದೆ, ಅಷ್ಟರಲ್ಲಿ ಎಷ್ಟು ತೊಟ್ಟಿ ಕಟ್ಟಿಸಬಹುದಿತ್ತು ಎಂದು ತಾವೇ ಲೆಕ್ಕ ಹಾಕತೊಡಗಿದರು.